ಪೀಣ್ಯದ ಸಣ್ಣ ಕಂಪನಿಗಳಿಗೆ ತೆರಿಗೆ ನೋಟಿಸ್ ಏಕೆ ಬರುತ್ತದೆ

2025ರ ಆಡಿಟ್ ಹಂಗಾಮು ಎಂದಿಗಿಂತ ಉದ್ದವಾಯಿತು. ಸೆಪ್ಟೆಂಬರ್ 30ಕ್ಕೆ ಮುಗಿಯಬೇಕಿದ್ದ ಆಡಿಟ್ ವರದಿಯ ಗಡುವು ಮೊದಲು ಅಕ್ಟೋಬರ್ 31ಕ್ಕೆ, ಅಲ್ಲಿಂದ ನವೆಂಬರ್ 10ಕ್ಕೆ ಹೋಯಿತು. ರಿಟರ್ನ್ ಸಲ್ಲಿಸಲು ಡಿಸೆಂಬರ್ 10ರವರೆಗೆ ಸಮಯ ಸಿಕ್ಕಿತು. ಇದರ ನಡುವೆಯೇ ಜಿಎಸ್‌ಟಿಯ 2021-22ನೇ ಸಾಲಿನ ಪ್ರಕರಣಗಳ ಆದೇಶಗಳು ಒಂದರ ಹಿಂದೊಂದು ಬಂದವು. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 73ರಡಿ (ವಂಚನೆಯ ಆರೋಪವಿಲ್ಲದ ಬಾಕಿ ಪ್ರಕರಣಗಳು) ಆ ವರ್ಷಕ್ಕೆ ಆದೇಶ ಹೊರಡಿಸಲು 2025ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಹಾಗಾಗಿ ನನ್ನ ಮೇಜಿನ ಮೇಲೆ ಆಗ ನಾಲ್ಕು ವರ್ಷ ಹಳೆಯ ಬಿಲ್ಲುಗಳ ರಾಶಿಯೇ ಇತ್ತು. ಪ್ರತಿಯೊಂದು ರಾಶಿಯ ಹಿಂದೆಯೂ ಅದೇ ಪ್ರಶ್ನೆ: "ಮೇಡಂ, ಇಷ್ಟು ಜನರಿರುವಾಗ ನಮಗೇ ಏಕೆ ಬಂತು?"

ವ್ಯಾಟ್ ಕಾಲದಿಂದಲೂ ನಾನು ಪೀಣ್ಯದ ಸಣ್ಣ ಕಾರ್ಖಾನೆಗಳ ಲೆಕ್ಕ ನೋಡುತ್ತಿದ್ದೇನೆ. ಲೇತ್ ಅಂಗಡಿ, ಪೌಡರ್ ಕೋಟಿಂಗ್, ಡೈ ಮಾಡುವವರು, ಒಂದೆರಡು ಗಾರ್ಮೆಂಟ್ಸ್. ಹೆಚ್ಚಿನವು ಹತ್ತರಿಂದ ಮೂವತ್ತು ಜನ ದುಡಿಯುವ ಜಾಗಗಳು. ಮಾಲೀಕರಿಗೆ ಮೈಕ್ರಾನ್ ಲೆಕ್ಕದಲ್ಲಿ ಕಬ್ಬಿಣ ಕೊರೆಯುವುದು ಗೊತ್ತು, ಆದರೆ ತಮ್ಮದೇ ಕಂಪನಿಯ ಮಾರಾಟದ ಅಂಕಿ ಎಷ್ಟು ಕಡೆ ದಾಖಲಾಗುತ್ತದೆ ಎಂಬುದು ಗೊತ್ತಿರುವುದಿಲ್ಲ. ನೋಟಿಸ್ ಬಂದಾಗ ಯಾರೋ ಹೊಟ್ಟೆಕಿಚ್ಚಿನಿಂದ ದೂರು ಕೊಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ನಾನು ನೋಡಿದ ಪ್ರಕರಣಗಳಲ್ಲಿ ದೂರಿನಿಂದ ಬಂದವು ತೀರಾ ಕಡಿಮೆ. ಒಂದೇ ವ್ಯವಹಾರವನ್ನು ನಾಲ್ಕು ಕಡೆ ನಾಲ್ಕು ಅಂಕಿಗಳಲ್ಲಿ ಬರೆದು, ಅವುಗಳನ್ನು ಒಟ್ಟಿಗೆ ಇಟ್ಟು ನೋಡುವವರು ಕಂಪನಿಯಲ್ಲಿ ಯಾರೂ ಇಲ್ಲದಿದ್ದದ್ದೇ ಕಾರಣ. ಆ ಕೆಲಸವನ್ನು ಕಂಪ್ಯೂಟರ್ ಮಾಡಿದೆ, ಅಷ್ಟೆ.

ಮುಂದೆ ಹೋಗುವ ಮುನ್ನ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ವಹಿವಾಟು ಒಂದು ಕೋಟಿ ದಾಟಿದರೆ (ನಗದು ಸ್ವೀಕೃತಿ ಮತ್ತು ನಗದು ಪಾವತಿ ಎರಡೂ ಶೇಕಡಾ 5ರ ಒಳಗಿದ್ದರೆ ಹತ್ತು ಕೋಟಿ ದಾಟಿದರೆ) ನಮ್ಮ ಆಡಿಟರ್ ಬಂದು ಮಾಡುವ ಆದಾಯ ತೆರಿಗೆ ಕಾಯ್ದೆಯ 44ಎಬಿ ಆಡಿಟ್ ಎಲ್ಲರಿಗೂ ಇರುವಂಥದ್ದು. ಅದರಲ್ಲಿ ಹೆದರುವುದಕ್ಕೆ ಏನೂ ಇಲ್ಲ. ನಾನು ಹೇಳುತ್ತಿರುವುದು ಇಲಾಖೆಯೇ ನಮ್ಮನ್ನು ಆರಿಸಿಕೊಂಡು ಬರುವ ತಪಾಸಣೆಯ ಬಗ್ಗೆ. ಆದಾಯ ತೆರಿಗೆಯಲ್ಲಿ 143(2)ರ ನೋಟಿಸ್, ಜಿಎಸ್‌ಟಿಯಲ್ಲಿ ಪರಿಶೀಲನೆಗೆ ಎಎಸ್‌ಎಂಟಿ-10, ಆಡಿಟ್‌ಗೆ ಎಡಿಟಿ-01. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. ಸದ್ಯಕ್ಕೆ ಎಲ್ಲರ ಬಾಯಲ್ಲಿರುವ ಹಳೆಯ ಸಂಖ್ಯೆಗಳನ್ನೇ ಬಳಸುತ್ತೇನೆ.

ಮೊದಲು ಮಾರಾಟದ ಅಂಕಿ. ಪೀಣ್ಯದಲ್ಲಿ ಇದು ಕೆಡುವ ರೀತಿಯೇ ಬೇರೆ. ನಮ್ಮ ಕಾರ್ಖಾನೆಗಳ ಗ್ರಾಹಕರು ದೊಡ್ಡ ಕಂಪನಿಗಳು. ಸಾವಿರ ಬಿಡಿಭಾಗ ಕಳಿಸಿದರೆ ಅವರ ಗುಣಮಟ್ಟ ವಿಭಾಗ ನಲವತ್ತನ್ನು ತಿರಸ್ಕರಿಸುತ್ತದೆ. ಆ ನಲವತ್ತರ ಹಣ ಕಡಿತ ಮಾಡಿ, ತಮ್ಮ ಕಡೆಯಿಂದ ಒಂದು ಡೆಬಿಟ್ ನೋಟ್ ಕಳಿಸಿ ಸುಮ್ಮನಾಗುತ್ತಾರೆ. ನಮ್ಮ ಗುಮಾಸ್ತ ಆ ಡೆಬಿಟ್ ನೋಟನ್ನು ಫೈಲಿಗೆ ಸೇರಿಸುತ್ತಾನೆ, ತೆರಿಗೆ ಕಟ್ಟುವ ಜಿಎಸ್‌ಟಿಯ 3ಬಿ ರಿಟರ್ನಿನಲ್ಲಿ ಅಷ್ಟು ತೆರಿಗೆ ಕಡಿಮೆ ತೋರಿಸುತ್ತಾನೆ. ಆದರೆ ಮಾರಾಟದ ಬಿಲ್ಲುಗಳನ್ನು ತೋರಿಸುವ ಜಿಎಸ್‌ಟಿಆರ್-1ರಲ್ಲಿ ಸಾವಿರ ಬಿಡಿಭಾಗಗಳ ಪೂರ್ತಿ ಬಿಲ್ಲು ಹಾಗೆಯೇ ಉಳಿದಿರುತ್ತದೆ. ಕಾನೂನಿನ ಪ್ರಕಾರ ತೆರಿಗೆ ಕಡಿಮೆಯಾಗಬೇಕಾದರೆ ಮಾರಿದವನೇ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಚೀಟಿ) ಕೊಡಬೇಕು, ಅದನ್ನು ಮುಂದಿನ ಹಣಕಾಸು ವರ್ಷದ ನವೆಂಬರ್ 30ರ ಒಳಗೆ ರಿಟರ್ನಿನಲ್ಲಿ ತೋರಿಸಬೇಕು. ಗ್ರಾಹಕರ ಡೆಬಿಟ್ ನೋಟಿನಿಂದ ನಮ್ಮ ತೆರಿಗೆ ಇಳಿಯುವುದಿಲ್ಲ. ಎರಡು ರಿಟರ್ನುಗಳ ನಡುವಿನ ವ್ಯತ್ಯಾಸ ನಿಗದಿತ ಮಿತಿ ಮೀರಿದರೆ ಡಿಆರ್‌ಸಿ-01ಬಿ ಎಂಬ ಸೂಚನೆ ತಾನಾಗಿಯೇ ಬರುತ್ತದೆ. ಏಳು ದಿನಗಳಲ್ಲಿ ಉತ್ತರಿಸದಿದ್ದರೆ ಮುಂದಿನ ಜಿಎಸ್‌ಟಿಆರ್-1 ಸಲ್ಲಿಸಲು ಪೋರ್ಟಲ್ ಬಿಡುವುದೇ ಇಲ್ಲ. ಆಗ ನಮ್ಮ ಬಿಲ್ಲು ಗ್ರಾಹಕರ 2ಬಿಯಲ್ಲಿ (ಖರೀದಿಯ ಮೇಲೆ ಅವರಿಗೆ ಸಿಗುವ ತೆರಿಗೆ ಕ್ರೆಡಿಟ್‌ನ ಪಟ್ಟಿ) ಕಾಣುವುದಿಲ್ಲ, ಅವರು ಹಣ ತಡೆಹಿಡಿಯುತ್ತಾರೆ. ನಲವತ್ತು ಬಿಡಿಭಾಗದ ಕ್ರೆಡಿಟ್ ನೋಟ್ ಬರೆಯದ ತಪ್ಪು ಹೀಗೆ ಶನಿವಾರದ ಬಟವಾಡೆಯವರೆಗೂ ಬಂದು ತಲುಪುತ್ತದೆ.

ಅದೇ ಮಾರಾಟವನ್ನು ಆದಾಯ ತೆರಿಗೆಯವರು ಇನ್ನೊಂದು ಬಾಗಿಲಿನಿಂದ ನೋಡುತ್ತಾರೆ. ಗ್ರಾಹಕರು ಟಿಡಿಎಸ್ ಕಡಿತ ಮಾಡಿದ ಮೊತ್ತ 26ಎಎಸ್ ಎಂಬ ತೆರಿಗೆ ಕಡಿತದ ಪಟ್ಟಿಯಲ್ಲಿ ಇರುತ್ತದೆ. ಜಿಎಸ್‌ಟಿ ರಿಟರ್ನಿನ ವಹಿವಾಟು ವಾರ್ಷಿಕ ಮಾಹಿತಿ ಹೇಳಿಕೆಯಲ್ಲಿ, ಅಂದರೆ ಎಐಎಸ್‌ನಲ್ಲಿ ಇರುತ್ತದೆ. ನಾವು ರಿಟರ್ನಿನಲ್ಲಿ ಬರೆದ ಅಂಕಿ ಮೂರನೆಯದು. ಇವು ಒಂದಕ್ಕೊಂದು ಹೊಂದದಿರಲು ನ್ಯಾಯವಾದ ಕಾರಣಗಳು ಎಷ್ಟೋ ಇವೆ. ಮಾರ್ಚ್ ಕೊನೆಯಲ್ಲಿ ಬಂದ ಮುಂಗಡಕ್ಕೆ ಗ್ರಾಹಕರು ಟಿಡಿಎಸ್ ಹಿಡಿದಿರುತ್ತಾರೆ, ನಮ್ಮ ಬಿಲ್ಲು ಏಪ್ರಿಲ್‌ನಲ್ಲಿ ಆಗಿರುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯಬೇಕಿಲ್ಲ ಎಂದು 2017ರಲ್ಲೇ ಸುತ್ತೋಲೆ ಬಂದಿದ್ದರೂ ಕೆಲವು ಕಂಪನಿಗಳು ಇಂದಿಗೂ ಪೂರ್ತಿ ಮೊತ್ತದ ಮೇಲೆ ಹಿಡಿಯುತ್ತವೆ. ಆಗ 26ಎಎಸ್‌ನ ಅಂಕಿ ನಮ್ಮದಕ್ಕಿಂತ ಶೇಕಡಾ 18 ಹೆಚ್ಚು ಕಾಣುತ್ತದೆ. ಕಾರಣ ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಆದ್ದರಿಂದ ಪ್ರತಿ ಗ್ರಾಹಕರ ಹೆಸರಿನ ಮುಂದೆ ನಮ್ಮ ಲೆಡ್ಜರ್, ಜಿಎಸ್‌ಟಿ, 26ಎಎಸ್ ಮೂರೂ ಅಂಕಿಗಳನ್ನು ಬರೆದು, ವ್ಯತ್ಯಾಸದ ಕಾರಣವನ್ನು ಕೊನೆಯ ಕಾಲಂನಲ್ಲಿ ನಮೂದಿಸಿದ ಒಂದು ಹಾಳೆಯನ್ನು ನನ್ನ ಗ್ರಾಹಕರೆಲ್ಲರಿಂದ ಮಾಡಿಸುತ್ತೇನೆ. ನೋಟಿಸ್ ಬಂದಾಗ ಆ ಹಾಳೆಯೇ ಅರ್ಧ ಉತ್ತರ. ನೋಟಿಸ್ ಬಂದ ಮೇಲೆ ಅದನ್ನು ಮಾಡಲು ಕುಳಿತರೆ, ಗ್ರಾಹಕ ಕಂಪನಿಯ ಲೆಕ್ಕ ವಿಭಾಗದಲ್ಲಿ ಆಗ ಇದ್ದವರು ಈಗ ಯಾರೂ ಇರುವುದಿಲ್ಲ.

ಇನ್ನು ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಮ್ಮ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದು. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಪ್ರಾಮಾಣಿಕರು ಅತಿ ಹೆಚ್ಚು ನೋವು ತಿನ್ನುವ ಜಾಗ ಇದೇ. ನಾವು ಕಬ್ಬಿಣ ಖರೀದಿಸುತ್ತೇವೆ, ಬಿಲ್ಲಿನ ಪ್ರಕಾರ ತೆರಿಗೆ ಸೇರಿಸಿ ಬ್ಯಾಂಕ್ ಮೂಲಕವೇ ಹಣ ಕೊಡುತ್ತೇವೆ. ಮಾರಿದವನು ಆ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟದಿದ್ದರೆ, ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 16(2)(ಸಿ) ಪ್ರಕಾರ ನಮ್ಮ ಕ್ರೆಡಿಟ್ ಹೋಗುತ್ತದೆ. ಕೊಂಡವನು ಎರಡು ಸಲ ತೆರಿಗೆ ಕಟ್ಟಿದಂತಾಗುತ್ತದೆ. ಇದು ಅನ್ಯಾಯ ಎಂದು ನಾನು ಎಲ್ಲ ವೇದಿಕೆಗಳಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಆದರೆ ಕಾನೂನು ಬದಲಾಗುವವರೆಗೆ ನಮ್ಮನ್ನು ನಾವು ಕಾಪಾಡಿಕೊಳ್ಳಬೇಕು.

2023ರ ಮಾರ್ಚ್ 13ರಂದು ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ ಒಂದು ಕಾಫಿ ವ್ಯಾಪಾರದ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಪ್ರತಿಯೊಬ್ಬ ಮಾಲೀಕರೂ ತಿಳಿದಿರಬೇಕು. ಅದು ಕರ್ನಾಟಕದ ಹಳೆಯ ವ್ಯಾಟ್ ಕಾಯ್ದೆಯ ಸೆಕ್ಷನ್ 70ರ ಮೇಲೆ ಬಂದದ್ದು. ಬಿಲ್ಲು ಇದೆ, ಚೆಕ್ ಮೂಲಕ ಹಣ ಕೊಟ್ಟಿದ್ದೇನೆ ಎಂದಷ್ಟೇ ಹೇಳಿದರೆ ಸಾಲದು. ಸರಕು ನಿಜವಾಗಿ ಬಂದಿದೆ ಎಂದು ತೋರಿಸುವ ಹೊಣೆ ಕ್ರೆಡಿಟ್ ಕೇಳುವ ಖರೀದಿದಾರನದು ಎಂದು ನ್ಯಾಯಾಲಯ ಹೇಳಿತು. ಮಾರಿದವನ ಹೆಸರು ವಿಳಾಸ, ಸರಕು ತಂದ ವಾಹನದ ವಿವರ, ಸಾಗಣೆ ಬಾಡಿಗೆ ಕೊಟ್ಟ ದಾಖಲೆ, ಸರಕು ಸ್ವೀಕರಿಸಿದ ರುಜು, ಇವೆಲ್ಲ ಬೇಕು ಎಂದಿತು. ಜಿಎಸ್‌ಟಿ ಅಧಿಕಾರಿಗಳು ಈಗ ಅದೇ ತೀರ್ಪನ್ನು ನೋಟಿಸಿನಲ್ಲಿ ಉಲ್ಲೇಖಿಸಿ ಅದೇ ದಾಖಲೆಗಳನ್ನು ಕೇಳುತ್ತಾರೆ.

ಇವೆಲ್ಲ ಕಾರ್ಖಾನೆಯಲ್ಲಿ ಹುಟ್ಟುವ ಕಾಗದಗಳೇ. ಗೇಟಿನಲ್ಲಿ ಕಾವಲುಗಾರ ಬರೆಯುವ ಒಳಬರುವ ಸರಕಿನ ರಿಜಿಸ್ಟರ್, ತೂಕದ ಚೀಟಿ, ಲಾರಿ ರಸೀದಿ, ಇ-ವೇ ಬಿಲ್. ದುರಂತವೆಂದರೆ ಇವುಗಳನ್ನು ತಿಂಗಳ ಕೊನೆಗೆ ಕಸವೆಂದು ಎಸೆಯುತ್ತಾರೆ, ಬಿಲ್ಲನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ನನ್ನ ಗ್ರಾಹಕರಲ್ಲಿ ಒಂದು ಸಣ್ಣ ಘಟಕವಿದೆ. ಮಾಲೀಕರ ಪತ್ನಿಯೇ ಸ್ಟೋರ್ ನೋಡಿಕೊಳ್ಳುತ್ತಾರೆ. ಪಿಯುಸಿಯವರೆಗೆ ಓದಿದವರು, ತೆರಿಗೆಯ ಭಾಷೆ ಅವರಿಗೆ ಬೇಕಾಗಿಯೂ ಇಲ್ಲ. ಪ್ರತಿ ಬಿಲ್ಲಿನ ಬೆನ್ನಿಗೆ ತೂಕದ ಚೀಟಿಯನ್ನು ಪಿನ್ ಮಾಡಿ, ಲಾರಿಯ ಸಂಖ್ಯೆಯನ್ನೂ ಇಳಿಸಿಕೊಂಡ ಗಂಟೆಯನ್ನೂ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು ಸಹಿ ಹಾಕುತ್ತಾರೆ. ಅವರಿಗೆ ಸರಕು ಕೊಟ್ಟಿದ್ದ ಕಬ್ಬಿಣದ ವ್ಯಾಪಾರಿಯೊಬ್ಬನ ನೋಂದಣಿಯನ್ನು ಇಲಾಖೆ ಹಿಂದಿನ ದಿನಾಂಕದಿಂದಲೇ ರದ್ದುಪಡಿಸಿತು. ಅವನಿಂದ ಖರೀದಿಸಿದ್ದವರಿಗೆಲ್ಲ ನೋಟಿಸ್ ಬಂತು. ಈ ಘಟಕದವರು ಉತ್ತರದ ಜೊತೆ ಆ ಚೀಟಿಗಳ ಪ್ರತಿಗಳನ್ನೂ ಆ ಕಬ್ಬಿಣದಿಂದ ಮಾಡಿದ ಬಿಡಿಭಾಗಗಳ ಬಿಲ್ಲುಗಳನ್ನೂ ಜೋಡಿಸಿ ಕೊಟ್ಟರು. ಪ್ರಕರಣ ಅಲ್ಲಿಗೇ ಮುಗಿಯಿತು. ಅದೇ ವ್ಯಾಪಾರಿಯಿಂದ ಕೊಂಡ ಪಕ್ಕದ ರಸ್ತೆಯವರು ಬಿಲ್ಲಿನ ಪ್ರತಿ ಮಾತ್ರ ಕೊಟ್ಟು, ಈಗ ಮೇಲ್ಮನವಿಯಲ್ಲಿದ್ದಾರೆ.

ಕೆಲವು ಇನ್‌ಪುಟ್‌ಗಳನ್ನು ಮುಟ್ಟಲೇಬಾರದು ಎಂದು ಅದೇ ಕಾಯ್ದೆಯ ಸೆಕ್ಷನ್ 17(5) ಸ್ಪಷ್ಟವಾಗಿ ಹೇಳುತ್ತದೆ: ಮಾಲೀಕರು ಓಡಾಡುವ ಕಾರು, ಊಟೋಪಚಾರ, ಕ್ಲಬ್ ಸದಸ್ಯತ್ವ, ಕಟ್ಟಡ ಕಟ್ಟಿಸಿದ ಖರ್ಚು. ಬಹಳಷ್ಟು ಕಡೆ ಗುಮಾಸ್ತರು 2ಬಿಯಲ್ಲಿ ಕಂಡದ್ದನ್ನೆಲ್ಲ ತೆಗೆದುಕೊಂಡುಬಿಡುತ್ತಾರೆ. ಆಡಿಟ್‌ಗೆ ಬಂದ ಅಧಿಕಾರಿ ಮೊದಲು ತೆರೆಯುವುದೇ ಕಾರಿನ ಬಿಲ್ಲನ್ನು. ಅದೇ ರೀತಿ ಸಾಗಣೆ ಬಾಡಿಗೆ, ವಕೀಲರ ಶುಲ್ಕ, ಮತ್ತು 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದ ಕಟ್ಟಡ ಮಾಲೀಕರಿಗೆ ಕೊಡುವ ವಾಣಿಜ್ಯ ಬಾಡಿಗೆ, ಇವುಗಳ ಮೇಲೆ ರಿವರ್ಸ್ ಚಾರ್ಜ್‌ನಲ್ಲಿ ನಾವೇ ತೆರಿಗೆ ಕಟ್ಟಬೇಕಾದ ಸಂದರ್ಭಗಳಿವೆ. ಪೀಣ್ಯದಲ್ಲಿ ಶೆಡ್‌ಗಳ ಬಾಡಿಗೆಯೇ ದೊಡ್ಡ ಖರ್ಚು. ಇದನ್ನು ಬಿಟ್ಟವರು ಎಷ್ಟೋ ಜನ ಇದ್ದಾರೆ. ನಿಮ್ಮ ಶೆಡ್ಡಿನ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇದೆಯೇ ಎಂದು ಇಂದೇ ಕೇಳಿ.

ಸ್ಕ್ರ್ಯಾಪ್ ವಿಷಯಕ್ಕೆ ಬರುತ್ತೇನೆ. ಲೇತ್‌ನಿಂದ ಉದುರುವ ಲೋಹದ ಚೂರನ್ನು ಇಲ್ಲಿನವರು ಬೋರಿಂಗ್ ಎನ್ನುತ್ತಾರೆ. ಹಿತ್ತಾಳೆಯ ಬೋರಿಂಗ್‌ಗೆ ಒಳ್ಳೆಯ ಬೆಲೆ ಇದೆ. ಅದನ್ನು ಸಂಜೆ ಹೊತ್ತು ಬರುವ ಟೆಂಪೋದವರಿಗೆ ತೂಗಿ ಕೊಟ್ಟು ನಗದು ತೆಗೆದುಕೊಳ್ಳುವುದು ಹಲವು ಕಡೆ ರೂಢಿ. "ಮೇಡಂ, ಆಯುಧಪೂಜೆಗೆ ಹುಡುಗರಿಗೆ ಬಟ್ಟೆ, ಸಿಹಿ ಕೊಡುವುದು ಆ ಹಣದಲ್ಲೇ" ಎನ್ನುತ್ತಾರೆ. ಅವರ ಮನಸ್ಸು ಒಳ್ಳೆಯದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆಡಿಟ್ ವರದಿಯ 3ಸಿಡಿ ನಮೂನೆಯಲ್ಲಿ ಕಚ್ಚಾವಸ್ತು ಎಷ್ಟು ಬಂತು, ಎಷ್ಟು ಬಳಕೆಯಾಯಿತು, ಇಳುವರಿ ಶೇಕಡಾ ಎಷ್ಟು, ಉಪ ಉತ್ಪನ್ನ ಎಷ್ಟು ಎಂದು ಬರೆಯುವ ಜಾಗವಿದೆ. ಹತ್ತು ಟನ್ ಹಿತ್ತಾಳೆ ಸರಳು ಕೊಂಡು ಏಳು ಟನ್ ಬಿಡಿಭಾಗ ಮಾರಿದವರ ಪುಸ್ತಕದಲ್ಲಿ ಸ್ಕ್ರ್ಯಾಪ್ ಮಾರಾಟ ಸೊನ್ನೆ ಇದ್ದರೆ, ಉಳಿದ ಮೂರು ಟನ್ ಎಲ್ಲಿ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಇನ್ನೂ ಕೆಟ್ಟದ್ದು ಎಂದರೆ ಅಧಿಕಾರಿ ಆ ಮೂರು ಟನ್ನನ್ನು ಸ್ಕ್ರ್ಯಾಪ್ ಎಂದು ಒಪ್ಪದೆ, ಲೆಕ್ಕಕ್ಕೆ ಸಿಗದಂತೆ ಮಾರಿದ ಬಿಡಿಭಾಗಗಳು ಎಂದು ಲೆಕ್ಕ ಹಾಕಬಹುದು.

ಜಾಬ್‌ವರ್ಕ್ ಮಾಡುವವರಿಗೆ ಇದು ಇನ್ನೂ ಸೂಕ್ಷ್ಮ. ಲೋಹ ಗ್ರಾಹಕ ಕಂಪನಿಯದು, ಆದ್ದರಿಂದ ಚೂರೂ ಅವರದೇ. ನೋಂದಾಯಿತ ಜಾಬ್‌ವರ್ಕರ್ ತನ್ನ ಜಾಗದಿಂದಲೇ ಆ ಸ್ಕ್ರ್ಯಾಪನ್ನು ತೆರಿಗೆ ಕಟ್ಟಿ ಮಾರಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ಕಂಪನಿಯ ಜೊತೆಗಿನ ಒಪ್ಪಂದದಲ್ಲಿ ಅದು ಬರೆದಿರಬೇಕು. ಕಳಿಸಿದ ಕಚ್ಚಾವಸ್ತು ಒಂದು ವರ್ಷದೊಳಗೆ ವಾಪಸಾಗದಿದ್ದರೆ, ಕಳಿಸಿದ ದಿನವೇ ಮಾರಿದಂತೆ ಪರಿಗಣಿಸಿ ಕಂಪನಿಗೆ ತೆರಿಗೆ ಬೀಳುತ್ತದೆ. ಡೆಲಿವರಿ ಚಲನ್‌ಗಳ ಲೆಕ್ಕ ಎರಡೂ ಕಡೆ ಹೊಂದದಿದ್ದರೆ ದೊಡ್ಡ ಕಂಪನಿಯ ಆಡಿಟ್ ನಮ್ಮ ಬಾಗಿಲಿಗೂ ಬರುತ್ತದೆ.

ಈಗ ಸ್ಕ್ರ್ಯಾಪ್ ಮಾರ್ಗದಲ್ಲೂ ಕಾವಲು ಬಂದಿದೆ. 2024ರ ಅಕ್ಟೋಬರ್‌ನಿಂದ ನೋಂದಾಯಿತರ ನಡುವಿನ ಲೋಹದ ಸ್ಕ್ರ್ಯಾಪ್ ವ್ಯವಹಾರ ಎರಡೂವರೆ ಲಕ್ಷ ದಾಟಿದರೆ ಕೊಂಡವರು ಜಿಎಸ್‌ಟಿಯಲ್ಲಿ ಶೇಕಡಾ 2 ಟಿಡಿಎಸ್ ಹಿಡಿಯಬೇಕು. ನೋಂದಣಿ ಇಲ್ಲದವರಿಂದ ಕೊಂಡ ನೋಂದಾಯಿತರು ರಿವರ್ಸ್ ಚಾರ್ಜ್‌ನಲ್ಲಿ ತೆರಿಗೆ ಕಟ್ಟಬೇಕು. ಸ್ಕ್ರ್ಯಾಪಿಗೆ ಬಿಲ್ಲು ಹಾಕಿ, ಹಣವನ್ನು ಬ್ಯಾಂಕಿಗೆ ತರಿಸಿ, ಅಲ್ಲಿಂದಲೇ ಆಯುಧಪೂಜೆಯ ಖರ್ಚು ಮಾಡಿ. ಕಾರ್ಮಿಕರಿಗೆ ಕೊಟ್ಟ ಬಟ್ಟೆ, ಸಿಹಿ, ಬೋನಸ್ ಎಲ್ಲವೂ ವ್ಯಾಪಾರದ ಖರ್ಚಾಗಿ ಒಪ್ಪಿಗೆಯಾಗುತ್ತವೆ. ಇದನ್ನು ನನ್ನ ಮಾತಿನಿಂದ ಬದಲಾಯಿಸಿಕೊಂಡವರು ಹಲವರಿದ್ದಾರೆ, ಯಾರೂ ನಷ್ಟ ಮಾಡಿಕೊಂಡಿಲ್ಲ.

ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಬಗ್ಗೆ ನನಗೆ ನಿಜಕ್ಕೂ ಕಳವಳವಿದೆ. ಸಿಸಿ ಖಾತೆಯ (ಸರಕಿನ ಆಧಾರದ ಮೇಲೆ ಸಾಲ ಕೊಡುವ ಖಾತೆ) ಮಿತಿ ಪೂರ್ತಿ ಸಿಗಲಿ ಎಂದು ತಿಂಗಳಿಗೊಮ್ಮೆ ಕೊಡುವ ಆ ಪಟ್ಟಿಯಲ್ಲಿ ಸರಕಿನ ಮೌಲ್ಯವನ್ನು ಏರಿಸಿ ಬರೆಯುವುದು ಎಷ್ಟು ಸಾಮಾನ್ಯವಾಗಿದೆ ಎಂದರೆ, ಬ್ಯಾಂಕಿನವರೇ ಹಾಗೆ ಬರೆಯಿರಿ ಎನ್ನುತ್ತಾರೆ ಎಂದು ಮಾಲೀಕರು ಹೇಳುತ್ತಾರೆ. ಮಾರ್ಚ್ 31ಕ್ಕೆ ಬ್ಯಾಂಕಿಗೆ 48 ಲಕ್ಷದ ಸರಕು, ಬ್ಯಾಲೆನ್ಸ್ ಶೀಟಿನಲ್ಲಿ 31 ಲಕ್ಷದ ಸರಕು ಎಂದಿಟ್ಟುಕೊಳ್ಳಿ. ಅಧಿಕಾರಿ ಬ್ಯಾಂಕಿನಿಂದ ಆ ಪಟ್ಟಿ ತರಿಸಿಕೊಂಡರೆ, 17 ಲಕ್ಷದ ಸರಕನ್ನು ಲೆಕ್ಕವಿಲ್ಲದ ಹಣದಲ್ಲಿ ಕೊಂಡಿದ್ದೀರಿ ಎನ್ನುತ್ತಾರೆ. ಅದಕ್ಕೆ 1961ರ ಹಳೆಯ ಆದಾಯ ತೆರಿಗೆ ಕಾಯ್ದೆಯ 115ಬಿಬಿಇ ಪ್ರಕಾರ ಶೇಕಡಾ 60 ತೆರಿಗೆ, ಅದರ ಮೇಲೆ ಕಾಲು ಭಾಗ ಸರ್ಚಾರ್ಜ್, ಮತ್ತೆ ಸೆಸ್. ಒಟ್ಟು ಶೇಕಡಾ 78. ಇಲ್ಲದ ಸರಕಿಗೆ 13 ಲಕ್ಷ 26 ಸಾವಿರ ರೂಪಾಯಿ ತೆರಿಗೆ. ಸಾಲದ ಮಿತಿಗಾಗಿ ಏರಿಸಿ ಬರೆದದ್ದು ಎಂದು ವಾದಿಸಿ ನ್ಯಾಯಾಲಯಗಳಲ್ಲಿ ಪರಿಹಾರ ಪಡೆದವರಿದ್ದಾರೆ. ಆದರೆ ಆ ವಾದ ಮಾಡುವುದೆಂದರೆ ಬ್ಯಾಂಕಿಗೆ ಸುಳ್ಳು ಹೇಳಿದ್ದೇನೆ ಎಂದು ಬರೆದುಕೊಟ್ಟಂತೆ. ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಪಟ್ಟಿ ತಮ್ಮ ಪುಸ್ತಕಕ್ಕೆ ಹೊಂದುತ್ತದೆಯೇ ಎಂದು ಈಗ ವಾರ್ಷಿಕ ಲೆಕ್ಕದಲ್ಲೇ ತಿಳಿಸಬೇಕು. ಅಂದರೆ ಆ ವ್ಯತ್ಯಾಸವನ್ನು ಹುಡುಕುವ ಶ್ರಮವೂ ಇಲಾಖೆಗೆ ಇಲ್ಲ.

ನಗದು ಬಗ್ಗೆ ಎಲ್ಲರಿಗೂ ಅಷ್ಟಿಷ್ಟು ಗೊತ್ತಿದೆ, ಆದ್ದರಿಂದ ಚಿಕ್ಕದಾಗಿ ಮುಗಿಸುತ್ತೇನೆ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಒಪ್ಪಿಗೆಯಾಗುವುದಿಲ್ಲ. ಲಾರಿಯವರಿಗೆ ಮಾತ್ರ 35,000. 9,800, 9,900 ಎಂದು ಮುರಿದು ಬರೆದ ವೋಚರುಗಳ ಸಾಲನ್ನು ಯಾವ ಅಧಿಕಾರಿಯೂ ಕಣ್ತಪ್ಪಿ ಬಿಡುವುದಿಲ್ಲ. ಬಟವಾಡೆಗೆ ಹಣ ಸಾಲದೆ ಭಾವಮೈದುನನಿಂದ ಒಂದೂವರೆ ಲಕ್ಷ ನಗದು ಸಾಲ ತಂದರೆ, ಸಾಲದಷ್ಟೇ ದಂಡ ಬೀಳಬಹುದು, ಏಕೆಂದರೆ 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲ ಬ್ಯಾಂಕ್ ಮೂಲಕವೇ ಬರಬೇಕು. ಚಾಲ್ತಿ ಖಾತೆಗೆ ವರ್ಷದಲ್ಲಿ 50 ಲಕ್ಷ ಅಥವಾ ಹೆಚ್ಚು ನಗದು ಕಟ್ಟಿದರೆ ಬ್ಯಾಂಕ್ ತಾನೇ ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ.

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ಯುಪಿಐ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಫಲಕಗಳು ಎಲ್ಲೆಡೆ ಕಂಡವು. ಮುಖ್ಯಮಂತ್ರಿಗಳ ಸಭೆಯವರೆಗೂ ವಿಷಯ ಹೋಯಿತು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ವಸ್ತು ಮಾರುವ ಬಡ ವ್ಯಾಪಾರಿಗಳಿಗೆ ಆ ನೋಟಿಸ್‌ಗಳಿಂದ ಆದ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಫಲಕ ನೋಡಿ ನಮ್ಮ ಕಾರ್ಖಾನೆಯವರೂ ನಗದಿನ ಕಡೆ ತಿರುಗಲು ಯೋಚಿಸಿದಾಗ ನಾನು ಕಟುವಾಗಿಯೇ ವಿರೋಧಿಸಿದೆ. ಕಬ್ಬಿಣ ಕೊಂಡವರು, ವಿದ್ಯುತ್ ಬಳಸಿದವರು, ದೊಡ್ಡ ಕಂಪನಿಗೆ ಮಾರುವವರು ನಗದಿನ ಹಿಂದೆ ಅಡಗಲು ಸಾಧ್ಯವೇ ಇಲ್ಲ.

ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರಲ್ಲಿ ಇನ್ನೊಂದು ತಪ್ಪು. ಕಂಪನಿಯ ಹಣ ತನ್ನದೇ ಎಂಬ ಭಾವನೆ ಮಾಲೀಕರಿಗೆ ಹೋಗುವುದಿಲ್ಲ. ಮಗಳ ಮದುವೆಯ ಛತ್ರದ ಮುಂಗಡ, ಊರಿನಲ್ಲಿ ಕಟ್ಟಿಸುತ್ತಿರುವ ಮನೆಯ ಸಿಮೆಂಟು, ಎಲ್ಲವೂ ಕಂಪನಿ ಖಾತೆಯಿಂದ ಹೋಗಿ ಸಾಲ ಮತ್ತು ಮುಂಗಡ ಎಂಬ ಶೀರ್ಷಿಕೆಯಡಿ ಬೆಳೆಯುತ್ತಾ ಹೋಗುತ್ತವೆ. ಶೇಕಡಾ 10 ಮತಾಧಿಕಾರದ ಷೇರು ಇರುವವರಿಗೆ ಇಂಥ ಕಂಪನಿ ಕೊಟ್ಟ ಸಾಲವನ್ನು, ಕಂಪನಿಯ ಸಂಚಿತ ಲಾಭ ಇರುವಷ್ಟರ ಮಟ್ಟಿಗೆ, ಸೆಕ್ಷನ್ 2(22)(ಇ) ಡಿವಿಡೆಂಡ್ ಎಂದೇ ಪರಿಗಣಿಸುತ್ತದೆ. ಹಣ ವಾಪಸ್ ಕಟ್ಟಿದರೂ ತೆರಿಗೆ ತಪ್ಪುವುದಿಲ್ಲ. ನಿರ್ದೇಶಕರಾಗಿ ಸರಿಯಾದ ಸಂಬಳ ತೆಗೆದುಕೊಳ್ಳಿ, ಅದರಿಂದ ಮದುವೆ ಮಾಡಿ ಎಂದು ನಾನು ಹೇಳುತ್ತೇನೆ. 2023ರ ಏಪ್ರಿಲ್‌ನಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಯಾವ ನಮೂದು ಯಾವಾಗ ತಿದ್ದಲಾಯಿತು ಎಂಬ ದಾಖಲೆ ಉಳಿಯಲೇಬೇಕು, ಆದ್ದರಿಂದ ಮಾರ್ಚ್ ಕಳೆದ ಮೇಲೆ ಆ ನಮೂದುಗಳನ್ನು ಹಿಂದಿನ ದಿನಾಂಕದಲ್ಲಿ ಬದಲಿಸುವ ಆಲೋಚನೆಯನ್ನೇ ಬಿಡಬೇಕು.

ಪಿಎಫ್ ಬಗ್ಗೆ ಒಂದು ಮಾತು. 1961ರ ಹಳೆಯ ಆದಾಯ ತೆರಿಗೆ ಕಾಯ್ದೆಯಡಿ, ಕಾರ್ಮಿಕರ ಸಂಬಳದಿಂದ ಹಿಡಿದ ಪಾಲನ್ನು ಮುಂದಿನ ತಿಂಗಳ 15ರೊಳಗೆ ಕಟ್ಟದಿದ್ದರೆ ಆ ಮೊತ್ತ ಕಂಪನಿಯ ಆದಾಯಕ್ಕೆ ಸೇರುತ್ತದೆ, ಒಂದು ದಿನ ತಡವಾದರೂ ಸರಿ. 2022ರ ಅಕ್ಟೋಬರ್ 12ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇದರಲ್ಲಿ ವಾದಕ್ಕೆ ಜಾಗವಿಲ್ಲ. 3ಸಿಡಿಯಲ್ಲಿ ಪ್ರತಿ ತಿಂಗಳ ಪಾವತಿಯ ದಿನಾಂಕ ಇರುವುದರಿಂದ ಬೆಂಗಳೂರಿನ ಸಂಸ್ಕರಣಾ ಕೇಂದ್ರವೇ ಅದನ್ನು ಕಂಡುಹಿಡಿದು ತೆರಿಗೆ ಸೇರಿಸುತ್ತದೆ. ದೊಡ್ಡ ಕಂಪನಿ ಬಿಲ್ಲಿನ ಹಣವನ್ನು ತೊಂಬತ್ತು ದಿನ ತಡ ಮಾಡಿದ್ದರಿಂದ ಸಣ್ಣವನು ಒಂದು ದಿನ ತಡವಾಗಿ ಕಟ್ಟಿದರೂ ಶಿಕ್ಷೆ ಸಣ್ಣವನಿಗೇ. ನನಗೆ ಇದರಲ್ಲಿ ಕೋಪವಿದೆ. ಕಾರ್ಮಿಕರ ಹಣ ಮೊದಲು ಎಂಬ ತತ್ವ ಸರಿ. ಅದಕ್ಕೆ ಬಡ್ಡಿ, ದಂಡ ಇದ್ದೇ ಇದೆ. ಶಾಶ್ವತವಾಗಿ ಖರ್ಚನ್ನೇ ನಿರಾಕರಿಸುವುದು ಅತಿಯಾಯಿತು.

ಇಷ್ಟೆಲ್ಲ ಹೇಳಿದ ಮೇಲೂ, ಎಲ್ಲಕ್ಕಿಂತ ದುಬಾರಿಯಾದ ತಪ್ಪು ಬೇರೆಯೇ ಇದೆ: ನೋಟಿಸನ್ನು ನೋಡದೇ ಇರುವುದು. 2017ರಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಿದಾಗ ಆಗಿನ ಲೆಕ್ಕಿಗರ ಮೊಬೈಲ್ ಸಂಖ್ಯೆ, ಇಮೇಲ್ ಕೊಟ್ಟಿರುತ್ತಾರೆ. ಅವರು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಗಿರುತ್ತದೆ. ನೋಟಿಸ್ ಅವರ ಇಮೇಲ್‌ಗೆ ಹೋಗುತ್ತದೆ, ಪೋರ್ಟಲ್‌ನಲ್ಲಿ ಹೆಚ್ಚುವರಿ ನೋಟಿಸ್‌ಗಳು ಎಂಬ ಬೇರೊಂದು ವಿಭಾಗದಲ್ಲಿ ಕುಳಿತಿರುತ್ತದೆ. ಉತ್ತರ ಬಾರದ್ದರಿಂದ ಏಕಪಕ್ಷೀಯ ಆದೇಶವಾಗುತ್ತದೆ. ಮೇಲ್ಮನವಿಗೆ ಮೂರು ತಿಂಗಳು, ಕಾರಣ ಕೊಟ್ಟರೆ ಇನ್ನೊಂದು ತಿಂಗಳು; ಅದೂ ಕಳೆದುಹೋಗುತ್ತದೆ. ಒಂದು ದಿನ ಬ್ಯಾಂಕ್ ಖಾತೆ ಸ್ಥಗಿತವಾದಾಗ ಮಾಲೀಕರಿಗೆ ವಿಷಯ ತಿಳಿಯುತ್ತದೆ. 2021-22ರ ಒಂದು ಲಕ್ಷ ರೂಪಾಯಿ ತೆರಿಗೆಯನ್ನು ನಾಲ್ಕು ವರ್ಷದ ನಂತರ ಕಟ್ಟಬೇಕಾದರೆ ಶೇಕಡಾ 18ರಂತೆ 72,000 ಬಡ್ಡಿ, 10,000 ದಂಡ ಸೇರುತ್ತದೆ. ಆರಂಭದಲ್ಲೇ ನೋಡಿ, ತಪ್ಪಿದ್ದರೆ ಒಪ್ಪಿ, ಶೋಕಾಸ್ ನೋಟಿಸ್‌ಗೆ ಮುನ್ನ ಸ್ವಯಂ ಪಾವತಿಯ ಡಿಆರ್‌ಸಿ-03 ನಮೂನೆಯ ಮೂಲಕ ತೆರಿಗೆ ಮತ್ತು ಬಡ್ಡಿ ಕಟ್ಟಿದ್ದರೆ ದಂಡವೇ ಇರುತ್ತಿರಲಿಲ್ಲ. ಪೋರ್ಟಲ್‌ನಲ್ಲಿ ಮಾಲೀಕರ ಸ್ವಂತ ಮೊಬೈಲ್ ಸಂಖ್ಯೆ ಹಾಕಿಸಿ. ಇದನ್ನು ನಾನು ಕೈ ಮುಗಿದು ಕೇಳುತ್ತೇನೆ.

ಎಡಿಟಿ-01 ಬಂದೇ ಬಿಟ್ಟರೆ ಗಾಬರಿ ಬೇಡ. ಆಡಿಟ್ ಶುರುವಾಗುವ ದಿನಕ್ಕೆ ಕನಿಷ್ಠ 15 ಕೆಲಸದ ದಿನಗಳ ಮುಂಚೆ ಅದು ಬರಬೇಕು, ಶುರುವಾದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಮುಗಿಯಬೇಕು. ಆಯುಕ್ತರು ಕಾರಣ ಬರೆದು ಅದರ ಮೇಲೆ ಇನ್ನೂ ಆರು ತಿಂಗಳವರೆಗೆ ವಿಸ್ತರಿಸಬಹುದು. ನೋಟಿಸಿನ ಮೇಲಿನ ಉಲ್ಲೇಖ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಪರಿಶೀಲಿಸಿ, ಏಕೆಂದರೆ ನಕಲಿ ನೋಟಿಸ್‌ಗಳೂ ಓಡಾಡುತ್ತಿವೆ. ಅಧಿಕಾರಿಗಳಿಗೆ ಕುಳಿತುಕೊಳ್ಳಲು ಒಳ್ಳೆಯ ಜಾಗ, ಕೇಳಿದ ಪುಸ್ತಕ, ವಿಷಯ ಗೊತ್ತಿರುವ ಒಬ್ಬರು, ಇಷ್ಟಿರಲಿ. ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೊಡುವಂತೆ ಕೇಳಿ, ಬರವಣಿಗೆಯಲ್ಲೇ ಉತ್ತರಿಸಿ. ಗೊತ್ತಿಲ್ಲದ್ದಕ್ಕೆ ಊಹೆಯ ಉತ್ತರ ಕೊಡಬೇಡಿ, ಸಮಯ ಕೇಳಿ, ಕೊಡುತ್ತಾರೆ. ನಾನು ಕಂಡ ಅಧಿಕಾರಿಗಳಲ್ಲಿ ಹೆಚ್ಚಿನವರು ಕ್ರಮವಾಗಿ ಜೋಡಿಸಿದ ಫೈಲಿಗೆ ಗೌರವ ಕೊಡುವವರೇ.

ಪಾಲುದಾರಿಕೆ ಸಂಸ್ಥೆಯವರು ಕೆಲವರು, ಪಾಲುದಾರರ ಸಂಬಳ ಮತ್ತು ಬಡ್ಡಿಯ ಮೇಲೆ 2025ರ ಏಪ್ರಿಲ್‌ನಿಂದ ಬಂದಿರುವ 194ಟಿ ಟಿಡಿಎಸ್ ಬಗ್ಗೆ ಕೇಳಿದ್ದೀರಿ. ವರ್ಷಕ್ಕೆ 20,000 ದಾಟಿದರೆ ಶೇಕಡಾ 10 ಹಿಡಿಯಬೇಕು. ಮಾರ್ಚ್ ಕೊನೆಯಲ್ಲಿ ಒಟ್ಟಿಗೆ ನಮೂದಿಸುವ ನಮ್ಮ ರೂಢಿಗೆ ಇದು ಹೇಗೆ ತೊಡಕಾಗುತ್ತದೆ ಎಂಬುದನ್ನು ಮುಂದಿನ ಬಾರಿ ವಿವರವಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ಪಾಲುದಾರರು ಈ ವರ್ಷ ಖಾತೆಯಿಂದ ತೆಗೆದುಕೊಂಡ ಮೊತ್ತಗಳನ್ನು ತಿಂಗಳವಾರು ಪಟ್ಟಿ ಮಾಡಿಟ್ಟುಕೊಳ್ಳಿ.